ಕ್ಯಾಪ್ಸೂಲ್ ಇಲ್ಲದ ಸೂಟಿ

ಶಹಾಪುರದಲ್ಲಿ ಧಾನ್ಯ, ಹತ್ತಿ ಇಳಿಸಿ ಏರಿಸುವ ಯಾರ್ಡಿನ ಗೇಟಿಗೆ ಎದುರಾಗಿ ನನ್ನ ಔಷಧದ ಅಂಗಡಿ ಇದೆ. ಇಪ್ಪತ್ತಮೂರು ವರ್ಷವಾಯಿತು. ಬೆಳಿಗ್ಗೆ ಸುರಪುರದಿಂದ ಬಸ್ಸು ಹತ್ತಿ ಬಂದು ಬಾಗಿಲು ತೆಗೆಯುತ್ತೇನೆ, ಸಂಜೆ ಬಾಗಿಲು ಹಾಕಿ ಬಸ್ಸು ಹತ್ತುತ್ತೇನೆ. ಸುರಪುರ ಕೊಟ್ಟ ಮನೆ, ಶಹಾಪುರ ಹುಟ್ಟಿದ ಮನೆ. ಮಧ್ಯಾಹ್ನದ ರೊಟ್ಟಿ ಮಾತ್ರ ಇವತ್ತಿಗೂ ತಮ್ಮನ ಮನೆಯಲ್ಲೇ. ಗಂಡನ ಮನೆಯವರು ಅದಕ್ಕೆ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ನನಗೆ ಸಿಟ್ಟು ಬೇಗ ಬರುತ್ತದೆ. ನಾಲಗೆಯೂ ಸುಮ್ಮನಿರುವುದಿಲ್ಲ. ಅಂಗಡಿಗೆ ಬಂದು "ಅಕ್ಕಾ, ತೆಲಿನೋವು, ಏನರ ಕೊಡು" ಎಂದವರಿಗೆ "ಏನರ ಅಂದ್ರ ಏನು, ಸುಣ್ಣ ಕೊಡ್ಲಿ?" ಎಂದು ಕೇಳಿಬಿಡುವ ಜಾತಿ ನನ್ನದು. ಆದರೂ ಯಾರ್ಡಿನ ಹಮಾಲರೆಲ್ಲ ನನ್ನ ಅಂಗಡಿಗೇ ಬರುತ್ತಿದ್ದರು, ಏಕೆಂದರೆ ನಾನು ಹಮಾಲನ ಮಗಳು, ಹಮಾಲನ ಅಕ್ಕ. ಚೀಲ ಹೊರುವವರ ಮೈಯಲ್ಲಿ ಎಲ್ಲಿ ಏನು ಹಿಡಿದುಕೊಳ್ಳುತ್ತದೆ ಎಂದು ನನಗೆ ಓದಿ ತಿಳಿಯಬೇಕಾಗಿರಲಿಲ್ಲ.

ಅವರಿಗೆಂದೇ ಒಂದು ಸೆಟ್ ಇತ್ತು. ನೋವಿನ ಗುಳಿಗೆ, ಹೊಟ್ಟೆ ಉರಿಯದ ಹಾಗೆ ಇನ್ನೊಂದು ಗುಳಿಗೆ, ಜೊತೆಗೆ ಕೆಂಪು-ಹಳದಿ ಬಣ್ಣದ ಆಂಟಿಬಯೋಟಿಕ್ ಕ್ಯಾಪ್ಸೂಲಿನ ಒಂದು ಸ್ಟ್ರಿಪ್. ಬೆನ್ನು ಹಿಡಿಯಲಿ, ತೊಡೆ ಉಳುಕಲಿ, ಭುಜದ ಸ್ನಾಯು ಎಳೆದುಕೊಳ್ಳಲಿ, ಐದು ದಿನದ ಸೆಟ್. ಡಾಕ್ಟರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಡಬಾರದು ಎಂದು ಕಾಲೇಜಿನಲ್ಲಿ ಕಲಿತೇ ಬಂದವಳು ನಾನು. ಕಲಿತದ್ದು ಗೋಡೆಯ ಮೇಲಿನ ಸರ್ಟಿಫಿಕೇಟಿನಲ್ಲಿತ್ತು, ಕೈ ಮಾತ್ರ ಸೆಟ್ ಕಟ್ಟುತ್ತಿತ್ತು.

ಕ್ಯಾಪ್ಸೂಲಿಗೆ ಯಾರ್ಡಿನಲ್ಲಿ ಒಂದು ಕಟ್ಟಳೆಯೂ ಇತ್ತು. ಕ್ಯಾಪ್ಸೂಲ್ ನುಂಗಿದವನ ಮೈಗೆ ಉಷ್ಣ ಏರುತ್ತದೆ, ಅವನು ಚೀಲ ಮುಟ್ಟಬಾರದು, ಮಜ್ಜಿಗೆ ಕುಡಿದು ಕೂತಿರಬೇಕು ಎಂದು ಅವರ ನಂಬಿಕೆ. ಹಮಾಲರ ಗುಂಪಿಗೊಬ್ಬ ಮುಖಂಡ, ಅವನಿಗೆ ಮುಕದ್ದಮ್ ಎನ್ನುತ್ತಾರೆ. ಪೆಟ್ಟಾದವನು ಮುಕದ್ದಮನಿಗೆ ಸ್ಟ್ರಿಪ್ ತೋರಿಸಬೇಕು. ತೋರಿಸಿದರೆ ಸೂಟಿ, ಅಂದರೆ ರಜೆ. ಅವನ ಪಾಲಿನ ಚೀಲಗಳನ್ನು ಉಳಿದವರು ಹಂಚಿಕೊಂಡು ಹೊರುತ್ತಾರೆ. ಇನ್ನೂ ವಾಸಿಯಾಗಿಲ್ಲವೆಂದರೆ ಇನ್ನೊಂದು ಸ್ಟ್ರಿಪ್, ಇನ್ನೈದು ದಿನ. ಸೆಟ್ಟಿಗೆ ದುಡ್ಡು ಸಾಲದೆ ಬರೀ ನೋವಿನ ಗುಳಿಗೆ ಒಯ್ದು ತೋರಿಸಿದವನಿಗೆ ಮಾತ್ರ "ನೋವು ಹೋಗ್ತದಲ್ಲ, ಹೊರು" ಎನ್ನುವ ಉತ್ತರ.

ಇಷ್ಟು ಓದಿದ ನಿಮಗೆ ಈಗಲೇ ಏನೋ ಹೊಳೆದಿರಬಹುದು. ನನಗೆ ಹೊಳೆಯಲು ಇಪ್ಪತ್ತೆರಡು ವರ್ಷ ಬೇಕಾಯಿತು.

ನಾನು ಔಷಧ ಓದಿದ್ದಕ್ಕೆ ಕಾರಣವೂ ಆ ಕ್ಯಾಪ್ಸೂಲೇ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ನಮ್ಮಪ್ಪ ಮತ್ತು ಅವನ ಜೊತೆಗಾರನೊಬ್ಬ ಒಂದೇ ವಾರದಲ್ಲಿ ಲಾರಿಗೆ ಏರಲು ಹಾಕಿದ ಒಂದೇ ಹಲಗೆಯ ಮೇಲೆ ಜಾರಿ ತೊಡೆಯ ಸ್ನಾಯು ಹರಿದುಕೊಂಡರು. ಇಬ್ಬರಿಗೂ ಕ್ಯಾಪ್ಸೂಲ್ ಸಿಕ್ಕಿತು. ಜೊತೆಗಾರ ನುಂಗಿದ, ಒಂದಾದ ಮೇಲೊಂದು ಸ್ಟ್ರಿಪ್ ತೋರಿಸಿ ಹದಿನೈದು ದಿನ ಮನೆಯಲ್ಲಿದ್ದ, ವಾಸಿಯಾಗಿ ಮುಂದೆ ಇಪ್ಪತ್ತು ವರ್ಷ ಚೀಲ ಹೊತ್ತ. ಅಪ್ಪನಿಗೆ ಮೊದಲ ಕ್ಯಾಪ್ಸೂಲಿಗೇ ಮೈತುಂಬ ದದ್ದು ಎದ್ದು, ತುಟಿ ಊದಿ, ಕಂಪೌಂಡರ್ ಬಂದು ನಿಲ್ಲಿಸಿಬಿಟ್ಟ. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಹರಿದ ಜಾಗದಲ್ಲೇ ಮತ್ತೆ ಮತ್ತೆ ಹರಿದು, ಎರಡು ವರ್ಷದಲ್ಲಿ ಅಪ್ಪ ಕೆಲಸದ ಹಕ್ಕಿನ ಗುರುತಾದ ಹಮಾಲರ ಬಿಲ್ಲೆ ಬಿಚ್ಚಿಕೊಟ್ಟು ಕುಂಟುತ್ತ ಮನೆಗೆ ಬಂದ. "ಆ ಗುಳಗಿ ನನ್ನ ಮೈಗೆ ಆಗಿಬಂದಿದ್ರ ನಾನೂ ಅವನಂಗ ನಡೀತಿದ್ದೆ" ಎನ್ನುವುದು ನಮ್ಮ ಮನೆಯಲ್ಲಿ ದೇವರ ದೀಪದಷ್ಟೇ ಖಾಯಂ ಮಾತು. ಆ ಜೊತೆಗಾರನೇ ಈಗಿನ ಮುಕದ್ದಮ್. ನಾವು ಅವನನ್ನು ಚಾಚಾ ಎನ್ನುತ್ತೇವೆ.

ಒಬ್ಬ ನುಂಗಿದ, ನಡೆದ. ಒಬ್ಬ ನುಂಗಲಿಲ್ಲ, ಕುಂಟಿದ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಇಡೀ ಯಾರ್ಡಿಗೆ ಅದು ಸಾಕಾಗಿತ್ತು, ನನಗೂ ಸಾಕಾಗಿತ್ತು.

ಹೋದ ವರ್ಷ ಗಣಪತಿ ಹಬ್ಬದ ಹಿಂದಿನ ವಾರ ನನ್ನ ತಮ್ಮನ ಸರದಿ ಬಂತು. ಚೀಲ ಹೊತ್ತು ಹಲಗೆ ಏರುವಾಗ ಎಡಗಾಲಿನ ಮೀನಖಂಡದಲ್ಲಿ ಯಾರೋ ಹಿಂದಿನಿಂದ ಕಲ್ಲು ಹೊಡೆದಂತಾಯಿತಂತೆ. ತಿರುಗಿ ನೋಡಿದರೆ ಯಾರೂ ಇಲ್ಲ. ಇಬ್ಬರು ಹೆಗಲು ಕೊಟ್ಟು ನನ್ನ ಅಂಗಡಿಯ ಬೆಂಚಿನ ಮೇಲೆ ತಂದು ಕೂಡಿಸಿದರು. ಕಾಲು ಊದಿತ್ತು, ಮರುದಿನಕ್ಕೆ ನೀಲಿಯಾಗಿತ್ತು. ಯಾದಗಿರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ಸ್ನಾಯು ಅರ್ಧದಷ್ಟು ಹರಿದಿದೆ, ಚರ್ಮ ಒಡೆದಿಲ್ಲ, ಕೀವಿಲ್ಲ ಎಂದರು.

ತಮ್ಮನ ಲೆಕ್ಕ ಬೇರೆಯೇ ಇತ್ತು. ದೀಪಾವಳಿಗೆ ಹತ್ತಿ ಬರಲು ಸುರುವಾಗುತ್ತದೆ. ಅಷ್ಟರೊಳಗೆ ಗುಂಪಿಗೆ ಮರಳದವನ ಬಿಲ್ಲೆ ಇನ್ನೊಬ್ಬನಿಗೆ ಹೋಗುತ್ತದೆ. ಮರಳುವವನು ಎಲ್ಲರೆದುರು ಒಂದು ಜೋಳದ ಚೀಲ ಹೊತ್ತು ಹಲಗೆ ಏರಿ ಲಾರಿಯಲ್ಲಿ ಇಳಿಸಬೇಕು. ನಡುವೆ ನಿಂತರೆ ಮುಗಿಯಿತು. ಅಪ್ಪನ ಬಿಲ್ಲೆ ಹೋದದ್ದೂ ಹಾಗೆಯೇ, ಹಲಗೆಯ ನಡುವೆ ನಿಂತು.

"ಅಕ್ಕಾ, ಹಳೇ ಸೆಟ್ಟ ಬ್ಯಾಡ. ಜೋರಿಂದು ಕೊಡು. ನನಗ ಹಬ್ಬಕ್ಕ ಕಾಲ ಬೇಕು" ಎಂದ.

ಜೋರಿನದೂ ನನ್ನ ಕಪಾಟಿನಲ್ಲಿತ್ತು. ಔಷಧ ಕಂಪನಿಯಿಂದ ತಿಂಗಳಿಗೊಮ್ಮೆ ಬರುವ ಚೀಲದ ಮನುಷ್ಯನೊಬ್ಬ ಹೊಸ ಆಂಟಿಬಯೋಟಿಕ್ ಕೊಟ್ಟು, ಜೊತೆಗೆ ಮಿನುಗುವ ಕಾಗದವೊಂದನ್ನೂ ಕೊಟ್ಟಿದ್ದ. ಅದರ ಮೇಲೆ ಏರಿ ಇಳಿಯುವ ಗೆರೆಗಳು, ಕೆಳಗೆ ಸಣ್ಣ ಅಕ್ಷರ. ಇದು ಬರೀ ಕ್ರಿಮಿ ಕೊಲ್ಲುವುದಲ್ಲ, ಪೆಟ್ಟಾದ ಸ್ನಾಯುವಿನ ಊತವನ್ನೂ ಇಳಿಸುತ್ತದೆ, ಸಂಶೋಧನೆಯಾಗಿದೆ ಎಂದಿದ್ದ. ನಾನು ಗೆರೆಗಳನ್ನಷ್ಟೇ ನೋಡಿದ್ದೆ. "ನಾಳಿ ಕೊಡ್ತೀನಿ, ದದ್ದು-ಗಿದ್ದು ಎದ್ದೀತು, ಒಂದು ಮಾತು ಕೇಳಿ ಕೊಡ್ತೀನಿ" ಎಂದೆ. ತಮ್ಮನದೂ ಅಪ್ಪನ ರಕ್ತವೇ ಎನ್ನುವ ಭಯ ಇತ್ತೇ ಹೊರತು ಔಷಧದ ಮೇಲೆ ಅನುಮಾನ ಇರಲಿಲ್ಲ.

ಕೇಳಿದ್ದು ಬಸ್ಸಿನಲ್ಲಿ. ಸುರಪುರದಿಂದ ನಾನು ಬರುವ ಬಸ್ಸಿನಲ್ಲೇ ಒಬ್ಬ ಡಾಕ್ಟರಮ್ಮ ಬರುತ್ತಿದ್ದಳು. ಮೈಸೂರು ಕಡೆಯ ಹುಡುಗಿ, ಇಲ್ಲಿಗೆ ಸರಕಾರಿ ಕೆಲಸಕ್ಕೆ ಬಂದು ವರ್ಷವಾಗಿತ್ತು. ಮೊದಮೊದಲು ನಮ್ಮ ಮಾತು ಕೇಳಿ ಎಲ್ಲರೂ ಜಗಳಕ್ಕೆ ನಿಂತಿದ್ದಾರೆ ಎಂದುಕೊಂಡಿದ್ದಳಂತೆ. ನನ್ನ ಪಕ್ಕ ಕೂತ ಮೇಲೆ, ನಾನೊಬ್ಬಳು ಬಿಟ್ಟರೆ ಉಳಿದವರು ಸಮಾಧಾನದವರು ಎಂದು ತಿಳಿಯಿತಂತೆ.

ತಮ್ಮನ ಕಾಲು, ಅಪ್ಪನ ದದ್ದು ಎರಡನ್ನೂ ಹೇಳಿ ಕಾಗದ ಅವಳ ಕೈಗೆ ಕೊಟ್ಟೆ. ಗೆರೆಗಳನ್ನು ಬಿಟ್ಟು ಸೀದಾ ಕೆಳಗಿನ ಸಣ್ಣ ಅಕ್ಷರಕ್ಕೆ ಹೋದಳು.

"ಮೇಡಂ, ಇದು ಇಲಿಗಳ ಮೇಲೆ ಮಾಡಿರೋದು" ಎಂದಳು.

"ಇಲಿಗೂ ಸ್ನಾಯು ಇರ್ತಾವಲ್ಲರಿ" ಎಂದೆ.

"ಇರುತ್ವೆ. ಆದ್ರೆ ಇಲ್ಲಿ ನೋಡಿ, ಕಾಲಿಗೆ ಪೆಟ್ಟು ಮಾಡೋಕೆ ಮುಂಚೇನೇ ಔಷಧಿ ಶುರು ಮಾಡಿದಾರೆ. ನಿಮ್ಮ ತಮ್ಮ ಪೆಟ್ಟಾಗೋ ಹಿಂದಿನ ದಿನವೇ ಬಂದು ಕ್ಯಾಪ್ಸೂಲ್ ತಗೊಂಡು ಹೋಗಿದ್ರಾ?"

ನನಗೆ ನಗು ಬಂತು, ಸಿಟ್ಟೂ ಬಂತು. ಅವಳು ಬಿಡಲಿಲ್ಲ. ಕೊನೆಗೆ ಅಳೆದಿರುವುದು ಸ್ನಾಯುವಿನ ಚೂರಿನಲ್ಲಿ ಯಾವುದೋ ಒಂದು ಅಂಶ ಎಷ್ಟಿದೆ ಎಂದು. ಆ ಇಲಿ ಬೇಗ ನಡೆಯಿತೇ, ಏನಾದರೂ ಎಳೆಯಿತೇ, ಯಾರೂ ನೋಡಿಲ್ಲ. ಚೀಲ ಹೊರುವ ಮನುಷ್ಯನ ಕಾಲಿನ ಬಗ್ಗೆ ಈ ಕಾಗದ ಏನೂ ಹೇಳುವುದಿಲ್ಲ ಎಂದಳು.

"ಕಾಗದ ಹಾಳಾಗಿ ಹೋಗಲಿ" ಎಂದೆ. "ನಾ ಇಪ್ಪತ್ತೆರಡು ವರ್ಷ ಕಣ್ಣಾರೆ ನೋಡೀನ್ರಿ. ಕ್ಯಾಪ್ಸೂಲ್ ತಗೊಂಡವರು ಆರಾಮ ಆಗ್ಯಾರ. ಬರೇ ನೋವಿನ ಗುಳಗಿ ತಗೊಂಡವರು ತಿಂಗಳಗಟ್ಲೆ ಕುಂಟ್ಯಾರ. ನಮ್ಮಪ್ಪ ಇನ್ನೂ ಕುಂಟತಾನ. ಇದಕ್ಕೇನಂತೀರಿ?"

ಅವಳು ಕಾಗದ ಮಡಿಸಿ ನನ್ನ ಕೈಗಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು. "ತಗೊಂಡೋರು, ತಗೊಳ್ದೇ ಇರೋರು, ಇಬ್ಬರಿಗೂ ಮಿಕ್ಕಿದ್ದೆಲ್ಲ ಒಂದೇ ಥರ ಇತ್ತಾ ಮೇಡಂ? ಕ್ಯಾಪ್ಸೂಲ್ ಒಂದೇ ವ್ಯತ್ಯಾಸನಾ?"

"ಹೌದ್ರಿ, ಮತ್ತೇನು" ಎಂದು ಎದ್ದುಬಿಟ್ಟೆ. ಶಹಾಪುರ ಬಂದಿತ್ತು. ನಿನ್ನೆ ಮೊನ್ನೆ ಬಂದ ಹುಡುಗಿ ನನಗೆ ಪಾಠ ಹೇಳುತ್ತಾಳಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಬೀಗ ತೆಗೆಯುವಾಗಲೂ ಒಬ್ಬಳೇ ಗೊಣಗುತ್ತಿದ್ದೆ.

ಮಧ್ಯಾಹ್ನ ರೊಟ್ಟಿಗೆ ಹೋದಾಗ ಅಪ್ಪ ಅಂಗಳದ ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ಕುಂಟುಕಾಲನ್ನು ಯಾವಾಗಿನಂತೆ ನೀಡಿಕೊಂಡಿದ್ದ. ಒಳಗೆ ತಮ್ಮ ನರಳುತ್ತಿದ್ದ. ನಾನು ಸುಮ್ಮನೆ, ಆ ಹುಡುಗಿಯ ಬಾಯಿ ಮುಚ್ಚಿಸಲೆಂದೇ, ಅಪ್ಪನನ್ನು ಕೇಳಿದೆ.

"ಅಪ್ಪಾ, ದದ್ದು ಎದ್ದ ಮ್ಯಾಲ ಕಂಪೌಂಡರ್ ಗುಳಗಿ ಬಂದ್ ಮಾಡಿದ್ನಲ್ಲ. ಆಮ್ಯಾಲ ನೀ ಏನ್ ಮಾಡಿದಿ?"

"ಏನ್ ಮಾಡ್ಲಿ. ಮರುದಿನ ಯಾರ್ಡಿಗಿ ಹೋದೆ."

"ಚೀಲ ಹೊತ್ತಿ?"

"ಮತ್ತ ಹೊರದ ಬಿಡ್ತಾರನವ್ವ. ತೋರಸಾಕ ಗುಳಗಿ ಇದ್ದಿಲ್ಲ. ಗುಳಗಿ ಇಲ್ದ ಸೂಟಿ ಎಲ್ಲಿಂದ ಬರ್ತದ?"

ರೊಟ್ಟಿ ಕೈಯಲ್ಲೇ ಉಳಿಯಿತು. ಚಾಚಾ ಹದಿನೈದು ದಿನ ಮಲಗಿದ್ದ. ಅಪ್ಪ ಹರಿದ ತೊಡೆಯ ಮೇಲೆ ಮರುದಿನವೇ ಚೀಲ ಹೊತ್ತಿದ್ದ. ನನ್ನ ಅಂಗಡಿಯಿಂದ ಸೆಟ್ ಒಯ್ದವರೆಲ್ಲ ಐದು ದಿನ, ಹತ್ತು ದಿನ ಕೂತವರು. ನೋವಿನ ಗುಳಿಗೆ ಮಾತ್ರ ಒಯ್ದವರೆಲ್ಲ ನೋವು ಮುಚ್ಚಿಕೊಂಡು ಅದೇ ದಿನ ಹಲಗೆ ಏರಿದವರು. ನಾನು ಕಣ್ಣಾರೆ ಕಂಡಿದ್ದೆಲ್ಲ ನಿಜವೇ ಆಗಿತ್ತು. ಆದರೆ ಕಂಡಿದ್ದು ಕ್ಯಾಪ್ಸೂಲನ್ನಲ್ಲ, ಸೂಟಿಯನ್ನು.

ಹೇಳಬೇಕೋ ಬೇಡವೋ ಎಂದು ಯೋಚಿಸುವಷ್ಟು ತಾಳ್ಮೆ ನನಗಿಲ್ಲ. ಅಲ್ಲೇ ಹೇಳಿಬಿಟ್ಟೆ. ಗುಳಿಗೆ ಅಲ್ಲಪ್ಪ, ಚಾಚಾನನ್ನು ವಾಸಿ ಮಾಡಿದ್ದು ವಿಶ್ರಾಂತಿ ಇರಬೇಕು, ಗುಳಿಗೆ ಸುಮ್ಮನೆ ಜೊತೆಗಿತ್ತು ಎಂದೆ.

ಅಪ್ಪ ಶೇಂಗಾ ಸುಲಿಯುವುದನ್ನು ನಿಲ್ಲಿಸಿದ. ತನ್ನ ಕಾಲನ್ನು ನೋಡಿದ.

"ಹಂಗಾರ ನಾ ಸುಮ್ಮ ಕುಂತಿದ್ರ ಸಾಕಾಗ್ತಿತ್ತೇನು?" ಎಂದ.

ನನಗೆ ಅಳು ಬಂತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತನ್ನ ಮೈಯೇ ತನಗೆ ಮೋಸ ಮಾಡಿತು, ಒಳ್ಳೆಯ ಔಷಧ ಆಗಿಬರದ ದರಿದ್ರ ಮೈ ಎಂದುಕೊಂಡಿದ್ದ ಮನುಷ್ಯ ಅವನು. ನಾನೂ ಹಾಗೆಯೇ ಅಂದುಕೊಂಡು ಆ ಕ್ಯಾಪ್ಸೂಲ್ ಮಾರುವುದಕ್ಕೆಂದೇ ಓದಿ, ಇಪ್ಪತ್ತೆರಡು ವರ್ಷ ಕೈ ನೋಯುವಷ್ಟು ಮಾರಿದ್ದೆ. ಎಂಥ ಹುಚ್ಚಿ ನಾನು.

ಮರುದಿನ ಬಸ್ಸಿನಲ್ಲಿ ಡಾಕ್ಟರಮ್ಮನ ಪಕ್ಕ ಕೂತು "ನೀವು ಕೇಳಿದ್ದು ಸರಿ ಇತ್ತು" ಎಂದೆ. ಈ ಮಾತು ನನ್ನ ಬಾಯಿಂದ ನನ್ನ ಗಂಡ ಇನ್ನೂ ಕೇಳಿಲ್ಲ. ಅವಳು ಹಿಂದಿನ ದಿನ ಸಂಜೆ ಹುಡುಕಿ ನೋಡಿದ್ದಳಂತೆ. ಚರ್ಮ ಒಡೆಯದ ಸ್ನಾಯುವಿನ ಪೆಟ್ಟಿಗೆ ಆಂಟಿಬಯೋಟಿಕ್ ಕೊಟ್ಟು, ಕೊಡದವರ ಜೊತೆ ಸರಿಯಾಗಿ ಹೋಲಿಸಿ, ಮನುಷ್ಯರಲ್ಲಿ ಬೇಗ ವಾಸಿಯಾಯಿತೆಂದು ತೋರಿಸಿದ್ದು ತನಗೆ ಸಿಗಲಿಲ್ಲ ಎಂದಳು.

"ನನಗೆ ಸಿಗಲಿಲ್ಲ ಅಂದ ಮಾತ್ರಕ್ಕೆ ಉಪಯೋಗವೇ ಇಲ್ಲ ಅಂತ ಸಾಬೀತಾಗಲ್ಲ" ಎಂದೂ ಹೇಳಿದಳು. "ಆದ್ರೆ ಕೊಡೋಕೆ ಕಾರಣ ಇಲ್ಲ, ಕೊಡದೇ ಇರೋಕೆ ನಿಮ್ಮ ತಂದೆಯ ದದ್ದೇ ಒಂದು ಕಾರಣ. ಗಾಯ ತೆರೆದಿದ್ರೆ, ಕೀವಾದ್ರೆ, ಜ್ವರ ಬಂದ್ರೆ ಅದು ಬೇರೆ ಮಾತು. ಆಗ ಒಂದು ನಿಮಿಷ ತಡ ಮಾಡದೆ ಆಸ್ಪತ್ರೆಗೆ ಕಳಿಸಿ."

ತಮ್ಮನಿಗೆ ಇದನ್ನೆಲ್ಲ ಹೇಳಿದರೆ ಅವನು ತಲೆ ಚಚ್ಚಿಕೊಂಡ. ಕ್ಯಾಪ್ಸೂಲ್ ಕೆಲಸ ಮಾಡುತ್ತದೋ ಬಿಡುತ್ತದೋ, ಅದಿಲ್ಲದೆ ಸೂಟಿ ಸಿಗುವುದಿಲ್ಲವಲ್ಲ. "ಅಕ್ಕಾ, ನಾ ತಿನ್ನಂಗಿಲ್ಲ. ಸ್ಟ್ರಿಪ್ ಕೊಡು, ಬರೇ ಚಾಚಾಗ ತೋರಸ್ತೀನಿ. ದಿನಾ ಎರಡು ಒಡದು ಗಟಾರಕ್ಕ ಚೆಲ್ತೀನಿ" ಎಂದ.

ಸುಳ್ಳು ಹೇಳುವುದೇಕೆ, ನಾನು ಕಪಾಟಿಗೆ ಕೈ ಹಾಕಿದ್ದೆ. ನನ್ನ ತಮ್ಮನ ಕೆಲಸ ಒಂದು ಉಳಿದರೆ ಸಾಕು ಎನ್ನಿಸಿತ್ತು. ಆದರೆ ನಾಳೆ ಇನ್ನೊಬ್ಬ ಬರುತ್ತಾನೆ, ಅವನು ನುಂಗುತ್ತಾನೆ. ಅವನ ಮೈಗೆ ಅಪ್ಪನ ಹಾಗೆ ದದ್ದು ಎದ್ದರೆ ಅವನೂ ಮರುದಿನ ಹರಿದ ಕಾಲಿನಲ್ಲಿ ಹಲಗೆ ಏರುತ್ತಾನೆ. ಕಪಾಟು ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಯಾರ್ಡಿಗೆ ನಡೆದೆ.

ಚಾಚಾ ಹಮಾಲರ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಹತ್ತು ಹನ್ನೆರಡು ಜನ ಸುತ್ತ ಕೂತಿದ್ದರು. ನಾನು ಹೇಳಬೇಕಾದ್ದನ್ನು ನಿಂತೇ ಹೇಳಿದೆ. ಸ್ನಾಯು ಹರಿದರೆ ಕ್ಯಾಪ್ಸೂಲಿನಿಂದ ಕೂಡುವುದಿಲ್ಲ, ನಾನು ಇಷ್ಟು ವರ್ಷ ತಿಳಿಯದೆ ಕೊಟ್ಟೆ, ತಪ್ಪು ನನ್ನದು, ಇನ್ನು ಮೇಲೆ ಚೀಟಿಯಿಲ್ಲದೆ ಕೊಡುವುದಿಲ್ಲ, ತಮ್ಮನಿಗೆ ಕ್ಯಾಪ್ಸೂಲ್ ಇಲ್ಲದೆ ಸೂಟಿ ಕೊಡಿ ಎಂದೆ.

ಚಾಚಾ ಕಪ್ಪು ಕೆಳಗಿಟ್ಟ. "ಬೇಟಿ, ನಾ ನಿನ್ನ ಎದುರಿಗಿ ಕುಂತೀನಿ. ನನ್ನ ತೊಡಿ ನೋಡು. ಗುಳಗಿ ತಿಂದೇ ಆರಾಮ ಆಗೀನಿ. ನಿಮ್ಮಪ್ಪ ತಿನ್ನಲಿಲ್ಲ. ಯಾರ್ಡಿನ ಮಂದಿಗಿ ಎಲ್ಲಾ ಗೊತ್ತದ."

"ಗುಳಗಿ ತಿಂದು ಚೀಲ ಹೊತ್ತವರು ಯಾರರ ಅದಾರೇನು ಚಾಚಾ? ಗುಳಗಿ ತಿನ್ನದ ಸುಮ್ಮ ಕುಂತವರು ಯಾರರ ಅದಾರೇನು? ಅಂಥವರನ್ನ ತೋರಸು. ಆಮ್ಯಾಲ ಮಾತಾಡೋಣ."

ಮೂಲೆಯಲ್ಲಿದ್ದ ನಡುವಯಸ್ಸಿನವನೊಬ್ಬ ಕೆಮ್ಮಿದ. ಹಿಂದೊಮ್ಮೆ ಅವನಿಗೂ ತೊಡೆ ಹರಿದಿತ್ತಂತೆ. ಕ್ಯಾಪ್ಸೂಲ್ ತೆಗೆದುಕೊಂಡಿದ್ದ, ಆದರೆ ಅದೇ ವಾರ ಮನೆ ಕಟ್ಟಿಸುತ್ತಿದ್ದ. ಯಾರ್ಡಿಗೆ ಸೂಟಿ ಹಾಕಿ ಮನೆಯಲ್ಲಿ ಕಲ್ಲು ಹೊತ್ತ. "ಮೂರು ತಿಂಗಳ ತ್ರಾಸ ತಿಂದೀನ್ರಿ. ಮುಕದ್ದಮ್ ಸಾಬ್ರಿಗಿ ಹೇಳಿದ್ದಿಲ್ಲ" ಎಂದ. ಚಾಚಾ ಅವನನ್ನು ದುರುಗುಟ್ಟಿ ನೋಡಿದ, ಉಳಿದವರು ನಕ್ಕರು.

ನಗು ಇನ್ನೂ ಮುಗಿದಿರಲಿಲ್ಲ, ಇನ್ನೊಬ್ಬ ಬಾಯಿ ಬಿಟ್ಟ. ಅವನಿಗೆ ಮೀನಖಂಡ ಹಿಡಿದ ದಿನವೇ, ಮೌನೇಶ್ವರನ ಗುಡಿಯಿರುವ ತಿಂಥಣಿಯಲ್ಲಿ ಮಾವ ತೀರಿಕೊಂಡಿದ್ದ. ದಿನಕರ್ಮ ಮುಗಿಯುವವರೆಗೆ ಹೆಂಡತಿಯ ಊರಿನಲ್ಲಿ ಕೂತೇ ಇದ್ದ. ಗುಳಿಗೆ ಇಲ್ಲ, ಏನಿಲ್ಲ. ಬಂದವನು ಸೀದಾ ಚೀಲ ಹೊತ್ತ. "ನಾ ಮೌನೇಶ್ವರ ಆರಾಮ ಮಾಡ್ಯಾನ ಅಂತ ತಿಳಕೊಂಡಿದ್ದೆ" ಎಂದ. "ಅವನೇ ಮಾಡಿರಬೇಕು, ಆದ್ರ ನಿನ್ನ ಸುಮ್ಮ ಕುಂದ್ರಿಸಿ ಮಾಡ್ಯಾನ" ಎಂದೆ.

ಡಾಕ್ಟರಮ್ಮ ಇದ್ದಿದ್ದರೆ, ಇಬ್ಬರ ಕಥೆ ಸಂಶೋಧನೆಯಾಗುವುದಿಲ್ಲ ಮೇಡಂ ಎನ್ನುತ್ತಿದ್ದಳು. ನಿಜ. ಆದರೆ ಚಾಚಾನ ಒಂದು ಕಥೆಯ ಮುಂದೆ ಇಡಲು ನನಗೆ ಎರಡು ಸಿಕ್ಕಿದ್ದವು.

ಚಾಚಾ ಗಡ್ಡ ಕೆರೆದುಕೊಂಡ. ಹಟದ ಮನುಷ್ಯ, ಆದರೆ ಕೆಟ್ಟವನಲ್ಲ. "ಆತು. ಸೂಟಿ ಕೊಡ್ತೀನಿ. ದೀಪಾವಳಿಕಿಂತ ಮೊದ್ಲ ಹಲಗಿ ಏರಬೇಕು. ನಡುವ ನಿಂತ್ರ ಬಿಲ್ಲೆ ಹೋಗ್ತದ. ಆವಾಗ ಗುಳಗಿ ಕೊಡದಿದ್ದಕ್ಕ ನಿಂತ ಅಂತ ಇಡೀ ಯಾರ್ಡ ನಿನಗೇ ಅಂತದ. ಇದು ನಿನ್ನ ಮ್ಯಾಲ, ಬೇಟಿ."

"ಇರಲಿ" ಎಂದು ಬಂದೆ.

ಮುಂದಿನ ಏಳು ವಾರ ತಮ್ಮನ ಮನೆ ಒಂದು ಸಣ್ಣ ದವಾಖಾನೆಯಾಯಿತು. ಮೊದಲ ದಿನಗಳಲ್ಲಿ ಪಟ್ಟಿ ಸುತ್ತಿ, ಕಾಲು ಎತ್ತರಕ್ಕಿಟ್ಟು ಮಲಗಿಸಿದೆವು. ಆಮೇಲೆ ಡಾಕ್ಟರಮ್ಮ ಒಂದು ಭಾನುವಾರ ಬಂದು, ಬರೀ ಮಲಗಿದರೂ ಸ್ನಾಯು ಸೊರಗುತ್ತದೆ, ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಕೆಲಸ ಕೊಡಬೇಕು ಎಂದು ತೋರಿಸಿಕೊಟ್ಟಳು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಇಳಿಸುವುದು. ಅದು ನೋಯದಾದ ಮೇಲೆ ಒಂಟಿಕಾಲಿನಲ್ಲಿ. ಆಮೇಲೆ ಕೈಯಲ್ಲಿ ನೀರಿನ ಕೊಡ.

ಇದರ ಉಸ್ತುವಾರಿ ಅಪ್ಪನದು. ಹೊರಸಿನ ಮೇಲೆ ಕೂತು, ಕೋಲಿನಿಂದ ನೆಲ ಕುಟ್ಟುತ್ತ ಎಣಿಸುತ್ತಿದ್ದ. ತಮ್ಮ ಹತ್ತಕ್ಕೆ ನಿಲ್ಲಿಸಿದರೆ "ಎಂಟೇ ಆಗ್ಯಾವಲೇ, ನನಗ ಕಣ್ಣ ಅದಾವ" ಎನ್ನುತ್ತಿದ್ದ. ತಮ್ಮ ಹೆಚ್ಚು ಮಾಡಲು ಹೋದರೂ ಬೈಗುಳವೇ. "ಇವತ್ತಿಂದು ಮುಗೀತು, ಕುಂದ್ರು. ಕುಂದ್ರು ಅಂದ್ರ ಕುಂದ್ರಬೇಕು" ಎಂದು ಕೋಲು ಎತ್ತುತ್ತಿದ್ದ. ಕೂರು ಎಂದು ಅಷ್ಟು ಜೋರಾಗಿ ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೂರನೇ ವಾರ ಕೆಟ್ಟದಾಗಿತ್ತು. ಊತ ಇಳಿದಿದ್ದರೂ ಹಿಮ್ಮಡಿ ಎತ್ತಿದರೆ ತಮ್ಮ ಹಲ್ಲು ಕಚ್ಚುತ್ತಿದ್ದ. "ನಿನ್ನ ಹಟಕ್ಕ ನನ್ನ ಹೊಟ್ಟಿ ಮ್ಯಾಲ ಹೊಡದಿ ಅಕ್ಕಾ" ಎಂದ ಒಂದು ದಿನ. ಅಂಗಡಿಗೆ ಬಂದು ಸ್ಟ್ರಿಪ್ ತೆಗೆದು ಕೈಯಲ್ಲಿ ಹಿಡಿದು ಕೂತೆ. ಕೊಟ್ಟರೆ ಏನು ಹೋಗುತ್ತದೆ, ಒಂದು ವೇಳೆ ಕೆಲಸ ಮಾಡಿದರೆ ಎನ್ನಿಸಿತು. ಈ 'ಒಂದು ವೇಳೆ'ಯ ಮೇಲೆಯೇ ನಾನು ಇಷ್ಟು ವರ್ಷ ಸೆಟ್ ಕಟ್ಟಿದ್ದು ಎಂದೂ ಅನ್ನಿಸಿತು. ಸ್ಟ್ರಿಪ್ಪನ್ನು ಕಪಾಟಿನಲ್ಲಿಟ್ಟು ಡಾಕ್ಟರಮ್ಮನಿಗೆ ಫೋನು ಮಾಡಿದೆ. ಹರಿದದ್ದು ಅರ್ಧ ಸ್ನಾಯು, ಅದಕ್ಕೆ ಅದರದೇ ದಿನ ಬೇಕು, ಈ ವಾರ ಎತ್ತುವುದನ್ನು ಕಡಿಮೆ ಮಾಡಿಸಿ ಎಂದಳು. ಅಷ್ಟೇ ಮಾಡಿದೆವು. ಐದನೇ ವಾರ ತಮ್ಮ ತುಂಬಿದ ಕೊಡ ಹೊತ್ತು ಅಂಗಳ ದಾಟಿದ. ಆರನೇ ವಾರ ಅರ್ಧ ಚೀಲ. ಅವನ ಹೆಂಡತಿ ಆ ದಿನ ನನಗೆ ಎರಡು ರೊಟ್ಟಿ ಹೆಚ್ಚು ಬಡಿಸಿದಳು.

ದೀಪಾವಳಿಗೆ ನಾಲ್ಕು ದಿನ ಮೊದಲು, ಬೆಳಗಿನ ಹೊತ್ತು, ಯಾರ್ಡಿನಲ್ಲಿ ಹಲಗೆ ಹಾಕಿದರು. ಅಪ್ಪ ಬರುತ್ತೇನೆ ಎಂದ. ಬಿಲ್ಲೆ ಕೊಟ್ಟು ಬಂದ ಮೇಲೆ ಆ ಗೇಟಿನೊಳಗೆ ಅವನು ಕಾಲಿಟ್ಟಿರಲಿಲ್ಲ. ಆಟೋದಲ್ಲಿ ಕರೆತಂದು ಕಟ್ಟೆಯ ಮೇಲೆ ಕೂಡಿಸಿದೆ. ಚಾಚಾ ಅವನನ್ನು ನೋಡಿ ಸಲಾಮು ಮಾಡಿದ, ಹತ್ತಿರ ಬರಲಿಲ್ಲ.

ಇಬ್ಬರು ಚೀಲ ಎತ್ತಿ ತಮ್ಮನ ಬೆನ್ನಿಗಿಟ್ಟರು. ಅವನು ಬಲಗಾಲು ಹಲಗೆಗೆ ಇಟ್ಟ. ಎಡಗಾಲು ಇಟ್ಟ. ಹಲಗೆ ಬಾಗಿತು. ನಾನು ಅವನ ಮುಖ ನೋಡಲಿಲ್ಲ, ಮೀನಖಂಡವನ್ನೇ ನೋಡುತ್ತಿದ್ದೆ. ಅದು ಉಬ್ಬುತ್ತಿತ್ತು, ಇಳಿಯುತ್ತಿತ್ತು. ಹಲಗೆಯ ನಡುವೆ ಬಂದಾಗ ತಮ್ಮನ ಹೆಜ್ಜೆ ಸಣ್ಣದಾಯಿತು. ಪಕ್ಕದಲ್ಲಿ ಅಪ್ಪನ ಕೋಲು ನೆಲಕ್ಕೆ ಒಮ್ಮೆ ಕುಟ್ಟಿತು, ಮನೆಯಲ್ಲಿ ಎಣಿಸುವಾಗ ಕುಟ್ಟುವಂತೆ. ಮತ್ತೊಮ್ಮೆ ಕುಟ್ಟಿತು. ಕೋಲು ಕುಟ್ಟಿದ ಹಾಗೆಲ್ಲ ತಮ್ಮ ಹೆಜ್ಜೆಯಿಟ್ಟು ಮೇಲೆ ಹೋದ. ಲಾರಿಯೊಳಗೆ ಚೀಲ ಧೊಪ್ಪೆಂದು ಬಿತ್ತು.

ಯಾರೋ ಸಿಳ್ಳೆ ಹೊಡೆದರು. ನಾನು ಅಪ್ಪನ ಪಕ್ಕ ಕೂತೆ.

ಆಗ ಚಾಚಾ ಬಂದ. ನನ್ನ ಕಡೆ ನೋಡಲಿಲ್ಲ. ಅಪ್ಪನ ಎದುರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಇಪ್ಪತ್ತು ವರ್ಷ ಚೀಲ ಹೊತ್ತ ಆ ಗಟ್ಟಿ ತೊಡೆಯ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದ.

"ಅಣ್ಣಾ, ಏಳು ವಾರದಿಂದ ಒಂದೇ ಮಾತ ತೆಲಿಯಾಗ ತಿರಗಾಕತ್ತದ. ಆವತ್ತ ನಾ ಹದಿನೈದು ದಿನ ಮನ್ಯಾಗ ಮಕ್ಕೊಂಡಿದ್ನಲ್ಲ. ನನ್ನ ಪಾಲಿನ ಚೀಲ ಹಂಚಕೊಂಡು ಹೊತ್ತವರಾಗ ನೀನೂ ಇದ್ದಿ."

ಅಪ್ಪ ತಲೆಯಾಡಿಸಿದ.

"ಹರದ ಕಾಲಾಗ ನಿನ್ನ ಚೀಲಾನೂ ಹೊತ್ತಿ, ನನ್ನವೂ ಹೊತ್ತಿ. ನಾ ಗುಳಗಿ ನನ್ನ ಉಳಿಸ್ತು ಅಂತ ಊರಿಗೆಲ್ಲ ಹೇಳಿದೆ" ಎಂದ ಚಾಚಾ.

ಅಪ್ಪ ಕೋಲನ್ನು ಪಕ್ಕಕ್ಕಿಟ್ಟು, ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ.

"ಬಾ, ಮ್ಯಾಲ ಕುಂದ್ರು" ಎಂದ. "ಇನ್ನ ಮ್ಯಾಲ ಯಾರದರ ಕಾಲ ಹರದ್ರ, ಗುಳಗಿ ಕೇಳಬ್ಯಾಡ. ಕುಂದ್ರು ಅನ್ನು. ಅಷ್ಟ ಅಂದ್ರ ಸಾಕು."

ಚಾಚಾ ಎದ್ದು ಅಪ್ಪನ ಪಕ್ಕ ಕೂತ. ಲಾರಿಯಿಂದ ತಮ್ಮ ಎರಡೂ ಕಾಲಿನ ಮೇಲೆ ಭಾರ ಹಾಕಿ ಹಲಗೆ ಇಳಿದು ಬರುತ್ತಿದ್ದ. ಇಬ್ಬರು ಮುದುಕರೂ ಅವನ ಕಾಲನ್ನೇ ನೋಡುತ್ತ ಕೂತರು.